ಬಾವಿ ಬತ್ತಿದ ವರ್ಷ ಯಾವುದು?

ಕನಕಪುರ ತಾಲ್ಲೂಕಿನ ಕಬ್ಬಾಳಿಗೆ ಹೋಗುವ ಹೆಚ್ಚಿನ ಜನ ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸಲು ಹೋಗುತ್ತಾರೆ. ಅದೇ ಊರಿಗೆ ಇನ್ನೊಂದು ಬಗೆಯ ಯಾತ್ರಿಕರೂ ಬರುತ್ತಾರೆ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಸುತ್ತಿಗೆ, ಕೊರಳಲ್ಲಿ ಸಣ್ಣದೊಂದು ಭೂತಗನ್ನಡಿ. ಅವರು ನೋಡಬಯಸುವುದು ಕಲ್ಲನ್ನು. ಅಲ್ಲಿನ ಕಲ್ಲುಗಣಿಯಲ್ಲಿ ಒಡೆದ ಬಂಡೆಯ ಮುಖ ಸಾಮಾನ್ಯವಾಗಿ ಬೂದು ಬಣ್ಣದ್ದು, ಜಮಖಾನದ ಹಾಗೆ ಪಟ್ಟೆಪಟ್ಟೆಯಾದದ್ದು. ನಡುನಡುವೆ ಎಣ್ಣೆ ಚೆಲ್ಲಿದಂತೆ ಹಸಿರುಗಪ್ಪು ಮಚ್ಚೆಗಳು. ಗಣಿಯಲ್ಲಿ ಕಲ್ಲು ಸೀಳುವವರಿಗೂ ಆ ಮಚ್ಚೆ ಕಾಣುತ್ತಿತ್ತು. ಅದು ಅಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದವರು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು. 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದದ್ದು ಪುಟ್ಟ ಟಿಪ್ಪಣಿ. ಕಬ್ಬಾಳುದುರ್ಗದ ಹೆಸರು ಜಗತ್ತಿನ ಭೂವಿಜ್ಞಾನಿಗಳ ಬಾಯಿಗೆ ಬಂದದ್ದು ಅದರಿಂದ.

ಆ ಕಪ್ಪು ಮಚ್ಚೆಯ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಕಲ್ಲು ಇದೇ ಜಾತಿಯದು. ಥಾಮಸ್ ಹಾಲೆಂಡ್ ಎಂಬ ವಿಜ್ಞಾನಿ ಅವನ ಹೆಸರನ್ನೇ ಕಲ್ಲಿಗಿಟ್ಟ. ಈ ಕಲ್ಲು ಶಿಲಾರಸ ಆರಿ ಗಟ್ಟಿಯಾದದ್ದೋ ಅಥವಾ ಮೊದಲೇ ಇದ್ದ ಬೇರೊಂದು ಕಲ್ಲು ಬದಲಾಗಿ ಆದದ್ದೋ ಎಂಬ ವಾದ ಹಲವು ದಶಕ ನಡೆದಿತ್ತು. ಕಬ್ಬಾಳಿನ ಬಂಡೆ ಆ ವಾದಕ್ಕೆ ಸಾಕ್ಷಿ ಹೇಳಿತು. ಬೂದು ಕಲ್ಲಿನ ಪಟ್ಟೆಗಳು ನೇರವಾಗಿ ಮಚ್ಚೆಯೊಳಕ್ಕೆ ನುಗ್ಗುತ್ತವೆ, ಅಲ್ಲಿ ಮಾಸುತ್ತವೆ, ಕೊನೆಗೆ ಕರಗಿಹೋಗುತ್ತವೆ. ಒಂದು ಕಲ್ಲು ಇನ್ನೊಂದಾಗುತ್ತಾ ನಡುದಾರಿಯಲ್ಲೇ ನಿಂತುಬಿಟ್ಟಿದೆ. ಬೇಯುತ್ತಿರುವ ಪಾತ್ರೆಯ ಮುಚ್ಚಳವನ್ನು ಅರ್ಧದಲ್ಲಿ ತೆಗೆದು ನೋಡಿದಂತೆ.

ಇಷ್ಟು ಕಣ್ಣಿಗೆ ಕಂಡದ್ದು. ಉಳಿದದ್ದು ಕೈಕೆಲಸ. ಕಲ್ಲಿನ ತುಣುಕನ್ನು ಗಾಜಿಗೆ ಅಂಟಿಸಿ, ಉಜ್ಜಿ ಉಜ್ಜಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿಸುತ್ತಾರೆ. ಆಗ ಕಗ್ಗಲ್ಲೂ ಬೆಳಕನ್ನು ಒಳಬಿಡುತ್ತದೆ. ಸೂಕ್ಷ್ಮದರ್ಶಕದಡಿ ತಿರುಗಿಸಿದರೆ ಒಂದು ಖನಿಜ ತೆಳುಗುಲಾಬಿಯಿಂದ ತೆಳುಹಸಿರಿಗೆ ಬಣ್ಣ ಬದಲಿಸುತ್ತದೆ. ಚಾರ್ನೊಕೈಟಿನ ಗುರುತು ಅದೇ. ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್, ಷಿಕಾಗೋದ ರಾಬರ್ಟ್ ನ್ಯೂಟನ್ ಮತ್ತು ಹ್ಯಾನ್ಸನ್ 1982ರಲ್ಲಿ ಕಲ್ಲು ಹೀಗೆ ಬದಲಾದುದರ ಹಿಂದಿನ ಕಾರಣವೊಂದನ್ನು ಮುಂದಿಟ್ಟರು. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದಡಿ ಹಲವಾರು ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ, ಬಿರುಕುಗಳ ಗುಂಟ ಇಂಗಾಲದ ಡೈಆಕ್ಸೈಡ್ ಹರಿದು ಕಲ್ಲಿನೊಳಗಿನ ನೀರಿನಂಶವನ್ನು ಓಡಿಸಿತು ಎಂಬುದು ಅವರ ಮಾತು. ಕಲ್ಲಿನ ಹರಳುಗಳಲ್ಲಿ ಸೂಜಿಮೊನೆಗಿಂತ ಸಣ್ಣ ಗುಳ್ಳೆಗಳಾಗಿ ಆ ಅನಿಲ ಇಂದಿಗೂ ಸಿಕ್ಕಿಹಾಕಿಕೊಂಡಿದೆ. ಅಷ್ಟು ಹಳೆಯ ಉಸಿರನ್ನು ಅಳೆದು ನೋಡುವ ಕೆಲಸ ನನಗೆ ಯಾವತ್ತೂ ಬೆರಗು ತರಿಸುತ್ತದೆ. ಅನಿಲ ಎಲ್ಲಿಂದ ಬಂತು, ಅದೊಂದರಿಂದಲೇ ಇಷ್ಟೆಲ್ಲ ಆಯಿತೇ ಎಂದು ಆಮೇಲಿನವರು ಎದುರುವಾದ ಹೂಡಿದರು. ಹಾಗೆ ಎದುರುವಾದ ಬಂದದ್ದೇ ಕಬ್ಬಾಳಿಗೆ ಸಂದ ಗೌರವ.

ಕಲ್ಲು ಓಡಿಹೋಗುವುದಿಲ್ಲ. ನಾಳೆ ಬಂದರೂ ಅಲ್ಲೇ ಇರುತ್ತದೆ. ಹೊಳೆ ಹಾಗಲ್ಲ.

ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ ದಾಟಿ, ಮಾಗಡಿ ಸೀಮೆಯ ಅಂಚಿನಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿ ಈ ಸೀಮೆಯ ತಾಯಿಬೇರು. ಕುಮುದ್ವತಿ ಕೂಡುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು. ಬೆಂಗಳೂರು ದಶಕಗಳ ಕಾಲ ಕುಡಿದದ್ದು ಈ ನೀರನ್ನು. 1970ರ ದಶಕದಿಂದ ಈಚೆಗೆ ಅಲ್ಲಿಗೆ ಬರುವ ನೀರು ಕುಗ್ಗುತ್ತಾ ಬಂತು. ಕೊನೆಗೆ ನಗರ ಅದರ ಆಸೆಯನ್ನೇ ಬಿಡಬೇಕಾಯಿತು.

ಯಾಕೆ ಬತ್ತಿತು? ಊರಿನ ಅರಳಿಕಟ್ಟೆಯಲ್ಲಿ ಕೇಳಿದರೆ ಉತ್ತರಕ್ಕೆ ಬರವಿಲ್ಲ. ಮಳೆ ಮೊದಲಿನಂತಿಲ್ಲ ಎನ್ನುತ್ತಾರೆ ಒಬ್ಬರು. ಬಿಸಿಲು ಜಾಸ್ತಿಯಾಯಿತು ಎನ್ನುತ್ತಾರೆ ಇನ್ನೊಬ್ಬರು. ನೀಲಗಿರಿ ಹೀರಿತು, ಬೋರ್‌ವೆಲ್ ನುಂಗಿತು, ಹಳ್ಳಕ್ಕೆಲ್ಲ ಚೆಕ್‌ಡ್ಯಾಂ ಕಟ್ಟಿದರು. ಒಂದೊಂದೂ ನಂಬುವಂಥದ್ದೇ. ತೊಡಕಿರುವುದೂ ಅಲ್ಲೇ, ಏಕೆಂದರೆ ನಂಬುವಂಥ ಉತ್ತರ ಸಿಕ್ಕ ಕೂಡಲೇ ನಾವು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ. ಅಮೆರಿಕದ ಭೂವಿಜ್ಞಾನಿ ಚೇಂಬರ್ಲಿನ್ 1890ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು. ಒಂದೇ ಊಹೆಯನ್ನು ಹೆತ್ತವನಿಗೆ ಅದರ ಮೇಲೆ ಮಗುವಿನ ಮೋಹ ಹುಟ್ಟುತ್ತದೆ, ಆದ್ದರಿಂದ ಹಲವು ಊಹೆಗಳನ್ನು ಒಟ್ಟಿಗೆ ಸಾಕಿ, ಎಲ್ಲವನ್ನೂ ಒಂದೇ ಕಣ್ಣಿನಲ್ಲಿ ನೋಡಿ ಎಂಬುದು ಅವರ ಬರಹದ ಸಾರ.

ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೆಲೆ, ಬರ್ಕ್ಲಿಯ ಸ್ಯಾಲಿ ಥಾಂಪ್ಸನ್ ಮತ್ತು ಅವರ ಜೊತೆಗಾರರು ಅರ್ಕಾವತಿಗೆ ಮಾಡಿದ್ದು ಇದನ್ನೇ. ಅವರ ಬರಹ 2015ರಲ್ಲಿ ಪ್ರಕಟವಾಯಿತು. ಊರವರು ಹೇಳುವ ಐದು ಕಾರಣಗಳಲ್ಲಿ ಒಂದನ್ನೂ ತಳ್ಳಿಹಾಕದೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ತಕ್ಕ ಪರೀಕ್ಷೆ ಒಡ್ಡಿದರು. ನೈಸರ್ಗಿಕ ವಿಜ್ಞಾನ, ಎಂಜಿನಿಯರಿಂಗ್, ಸಮಾಜವಿಜ್ಞಾನ ಎಂದು ಕಾಲೇಜಿನಲ್ಲಿ ಬೇರೆಬೇರೆ ಕಟ್ಟಡಗಳಲ್ಲಿ ಕೂರುವ ವಿದ್ಯೆಗಳೆಲ್ಲ ಒಂದೇ ಹೊಳೆಯ ದಂಡೆಗೆ ಇಳಿದದ್ದು ಹೀಗೆ.

ಮೊದಲಿಗೆ ಮಳೆ. ಮಳೆಮಾಪನ ಕೇಂದ್ರಗಳ ಹಳೆಯ ಲೆಕ್ಕ ತೆಗೆದು ನೋಡಿದರೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಆದರೆ ದಶಕಗಳ ಉದ್ದಕ್ಕೆ ಹೊಳೆಯನ್ನು ಬತ್ತಿಸುವಂಥ ಇಳಿಕೆ ಅದರಲ್ಲಿ ಕಾಣಲಿಲ್ಲ. ಬಿಸಿಲಿನ ಏರಿಕೆಯೂ ಇಷ್ಟು ದೊಡ್ಡ ಕುಸಿತಕ್ಕೆ ಸಾಲದಾಯಿತು. ಇದು ಹಲವರಿಗೆ ಬೇಸರ ತರುವ ಫಲಿತಾಂಶ. ಮಳೆಯ ಮೇಲೆ ಹೊರಿಸಿದ್ದರೆ ನಮ್ಮ ಕೈ ಶುದ್ಧವಾಗಿರುತ್ತಿತ್ತು.

ಉಳಿದ ಮೂರರಲ್ಲಿ ಚೆಕ್‌ಡ್ಯಾಂಗಳ ಪಾಲು ಇದೆ, ಆದರೆ ಸಣ್ಣದು. ದೊಡ್ಡ ಪಾಲು ಅಂತರ್ಜಲ ಎತ್ತಿದ್ದರದು ಮತ್ತು ನೀಲಗಿರಿ ತೋಪುಗಳದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಅದರ ಬಹುಪಾಲು ಗಿಡಮರ, ಬೆಳೆ, ಮಣ್ಣಿನ ಮೂಲಕ ಮತ್ತೆ ಆಕಾಶಕ್ಕೇ ಹೋಗುತ್ತದೆ. ಹೊಳೆಗೆ ಸಿಕ್ಕುವುದು ಎಲ್ಲರೂ ಉಂಡು ಉಳಿದ ಕೊನೆಯ ತುತ್ತು. ಮೇಲಿನವರು ಒಂದು ಹಿಡಿ ಹೆಚ್ಚು ಉಂಡರೂ ಕೊನೆಯವರ ಎಲೆ ಬರಿದು. ರಾಗಿ ನಾಲ್ಕು ತಿಂಗಳು ನೀರು ಕುಡಿದು ಸುಮ್ಮನಾಗುತ್ತದೆ. ನೀಲಗಿರಿ ಆಳಕ್ಕೆ ಬೇರಿಳಿಸಿ ವರ್ಷವಿಡೀ ಕುಡಿಯುತ್ತದೆ. ಹಿಂದೆ ತೆರೆದ ಬಾವಿಯಲ್ಲಿ ಕೈಗೆಟುಕುವಷ್ಟರಲ್ಲೇ ನೀರಿದ್ದ ಕಾಲಕ್ಕೆ ಆ ಒರತೆ ಹಳ್ಳಕ್ಕೂ ಜಿನುಗಿ, ಮಳೆ ನಿಂತ ಮೇಲೂ ಹೊಳೆಯನ್ನು ಹರಿಸುತ್ತಿತ್ತು. ಕೊಳವೆಬಾವಿ ಸಾವಿರ ಅಡಿಗೆ ಇಳಿದ ಮೇಲೆ ಬಿದ್ದ ಮಳೆ ಬರಿದಾದ ನೆಲವನ್ನು ತುಂಬಲು ಇಳಿಯುತ್ತದೆಯೇ ಹೊರತು ಹೊಳೆಗೆ ಬರುವುದಿಲ್ಲ.

ಇದನ್ನು ತಿಳಿಯಲು ಬೇಕಾದ ಲೆಕ್ಕ ಎಲ್ಲಿಂದ ಬಂತು? ಜಲಾಶಯಕ್ಕೆ ಬಂದ ನೀರಿನ ಲೆಕ್ಕ 1930ರ ದಶಕದಿಂದಲೂ ಇತ್ತು. ಯಾರೋ ನೀರಗಂಟಿ, ಯಾರೋ ಎಂಜಿನಿಯರ್ ದಿನವೂ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆದದ್ದು. ಮುಂದೊಂದು ದಿನ ಇದರಿಂದ ಹೊಳೆಯ ರೋಗ ಪತ್ತೆಯಾಗುತ್ತದೆಂದು ಅವರಿಗೆ ತಿಳಿದಿರಲಾರದು. ನೀಲಗಿರಿ ಎಷ್ಟು ಹಬ್ಬಿತು ಎಂಬುದನ್ನು ಉಪಗ್ರಹದ ಚಿತ್ರಗಳು ತೋರಿಸಿದವು. ಗೋಪಾಲ್ ಪೆನ್ನಿ ಮತ್ತು ಜೊತೆಗಾರರು ಮುಂದೆ 1970ರ ದಶಕದಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಕೆರೆಗಳ ನೀರಿನ ಹರವನ್ನು ಅಳೆದು, ಯಾವ ಭಾಗ ಒಣಗುತ್ತಾ ಬಂತು, ನಗರದ ನೀರು ಹರಿದು ಯಾವ ಭಾಗ ತುಂಬುತ್ತಾ ಬಂತು ಎಂದು ಗುರುತಿಸಿದರು.

ಉಪಗ್ರಹಕ್ಕೂ ಕಾಣದ ಸಂಗತಿಗಳಿವೆ. ರೈತ ರಾಗಿ ಬಿಟ್ಟು ನೀಲಗಿರಿ ಯಾಕೆ ಹಾಕಿದ? ಅದನ್ನು ಹೊಲದ ಬದುವಿನಲ್ಲಿ ಕೂತೇ ಕೇಳಬೇಕು. ಮಗ ಪೀಣ್ಯದ ಕಾರ್ಖಾನೆಗೆ ಹೋದ, ಕಳೆ ಕೀಳಲು ಆಳಿಲ್ಲ, ನೀಲಗಿರಿಯಾದರೆ ನೆಟ್ಟು ಮರೆಯಬಹುದು, ಜಮೀನಿಗೆ ಬೆಲೆ ಬರುವವರೆಗೆ ಖಾಲಿ ಬಿಟ್ಟಂತೆಯೂ ಆಗುವುದಿಲ್ಲ. ಈ ಬಗೆಯ ಉತ್ತರಗಳಲ್ಲಿ ಹೊಳೆ ಬತ್ತಿದ ಕಥೆಯ ಬೇರಿದೆ. ಕೇಳುವುದಕ್ಕೂ ಒಂದು ಕಸುಬುದಾರಿಕೆ ಬೇಕು. ‘ನಿಮ್ಮ ಬಾವಿ ಯಾವ ವರ್ಷ ಬತ್ತಿತು?’ ಎಂದರೆ ಯಾರಿಗೂ ಇಸವಿ ನೆನಪಿರುವುದಿಲ್ಲ. ಪಳಗಿದ ಸಂಶೋಧಕ ಹಾಗೆ ಕೇಳುವುದಿಲ್ಲ. ‘ಯಜಮಾನರೇ, ಇಂದಿರಾಗಾಂಧಿ ತೀರಿಕೊಂಡಾಗ ಬಾವೀಲಿ ನೀರಿತ್ತಾ?’ ಎನ್ನುತ್ತಾನೆ. ‘ಇತ್ತಲ್ಲಪ್ಪ, ದೊಡ್ಡ ಮಗಳ ಮದುವೆಗೂ ಅದೇ ಬಾವಿ ನೀರೇ ಸೇದಿದ್ದು’ ಎಂಬ ಉತ್ತರ ಬರುತ್ತದೆ. ಮಗಳ ಮದುವೆ ಯಾವಾಗ ಎಂಬುದು ಲಗ್ನಪತ್ರಿಕೆಯಲ್ಲಿರುತ್ತದೆ. ಹೀಗೆ ನೂರಾರು ಬಾವಿಗಳ ನೆನಪನ್ನು ಪೋಣಿಸಿದರೆ ಅಂತರ್ಜಲ ಕುಸಿದ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಯಂತ್ರದಲ್ಲಿ ಅಳೆದದ್ದಕ್ಕಿಂತ ಇದು ಕಡಿಮೆ ವಿಜ್ಞಾನ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಕಥೆಯೂ ಇದೇ ಜಾಡಿನದು. ರಣಹದ್ದುಗಳು ಸಾಯುತ್ತಿರುವುದೇಕೆ ಎಂದು ಹುಡುಕಿದವರು ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹಕ್ಕಿಗಳನ್ನು ಸೀಳಿ ನೋಡಿದರು. ಸೋಂಕಲ್ಲ, ಕೀಟನಾಶಕವಲ್ಲ, ಸೀಸವೂ ಅಲ್ಲ, ಕೆಟ್ಟದ್ದು ಮೂತ್ರಪಿಂಡ. ಆಮೇಲೆ ಅವರು ಹೋದದ್ದು ಪಶುವೈದ್ಯರ ಬಳಿಗೆ, ಔಷಧಿ ಅಂಗಡಿಗಳಿಗೆ: ದನಗಳಿಗೆ ಹೊಸದಾಗಿ ಯಾವ ಔಷಧಿ ಕೊಡುತ್ತಿದ್ದೀರಿ? ಆ ಪ್ರಶ್ನೆಯಿಂದ, ಸತ್ತ ದನದ ಮಾಂಸದೊಂದಿಗೆ ರಣಹದ್ದುಗಳ ಹೊಟ್ಟೆ ಸೇರುತ್ತಿದ್ದ ನೋವುನಿವಾರಕ ಡೈಕ್ಲೋಫಿನಾಕ್ ಸಿಕ್ಕಿಬಿತ್ತು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು, 2006ರಲ್ಲಿ ಭಾರತ ಆ ಔಷಧಿಯನ್ನು ಜಾನುವಾರುಗಳಿಗೆ ಬಳಸದಂತೆ ನಿಷೇಧಿಸಿತು, 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋದವರಿಗೆ ಬಿಳಿ ಗೂಡು, ಹಳದಿ ಗೂಡು ಎರಡೂ ಕಾಣುತ್ತವೆ. ಆ ಬಣ್ಣಗಳ ಹಿಂದೆಯೂ ದಶಕಗಳ ಸಂಶೋಧನೆ ಇದೆ. ನಮ್ಮ ಮೈಸೂರು ತಳಿ ಗಟ್ಟಿಜೀವ, ಸೆಕೆಗೂ ರೋಗಕ್ಕೂ ಜಗ್ಗದು, ಆದರೆ ಎಳೆ ಚಿಕ್ಕದು. ದ್ವಿತಳಿ ಹುಳುವಿನ ಬಿಳಿ ಗೂಡಿನಿಂದ ಸಾವಿರ ಮೀಟರ್ ಎಳೆ ಬಿಚ್ಚಬಹುದು, ಆದರೆ ಅದು ನಾಜೂಕಿನ ಜೀವ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನೊಂದಿಗೆ ಸಿಎಸ್‌ಆರ್ ತಳಿಗಳನ್ನು ರೂಪಿಸಿತು. ಒಂದು ಪೀಳಿಗೆಯನ್ನು ಇನ್ನೊಂದರೊಡನೆ ಕೂಡಿಸಿ, ಮೊಟ್ಟೆಯಿಂದ ಗೂಡಿನವರೆಗೆ ತೂಗಿ, ಬೇಡದ್ದನ್ನು ಬಿಟ್ಟು ಮತ್ತೆ ಕೂಡಿಸುವುದು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡಿಗೆ ಉಳಿ ಹಿಡಿದು ಗೊಂಬೆಯಲ್ಲದ್ದನ್ನೆಲ್ಲ ತೆಗೆಯುವ ಕಸುಬಿಗೂ ಇದಕ್ಕೂ ನನ್ನ ಕಣ್ಣಿಗೆ ಹೆಚ್ಚು ದೂರವಿಲ್ಲ.

1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದಾಗ ಪ್ರಯೋಗಾಲಯ ಹುಳುಮನೆಗೇ ಬರಬೇಕಾಯಿತು. ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಒಳಗೆ ಹೋಗಿ ಉಂಡು, ಕೆಲವು ಸಲ ಗೂಡನ್ನೇ ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಅದಕ್ಕೆ ಮದ್ದಾಗಿ ಸಿಕ್ಕಿದ್ದು ನೊಣದ ಕೋಶವನ್ನೇ ತಿನ್ನುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜ, ಜೊತೆಗೆ ಕಿಟಕಿಗೆ ನೈಲಾನ್ ಪರದೆ. ರೇಷ್ಮೆಹುಳುವಿಗೆ ವಿಷ ತಾಗದಂತೆ ನೊಣವನ್ನು ಮಾತ್ರ ಕೊಲ್ಲಬೇಕೆಂಬ ಕಟ್ಟುಪಾಡಿನಲ್ಲಿ ಹುಟ್ಟಿದ ಉಪಾಯ ಅದು. ಸೊಪ್ಪು ಕೊಯ್ದು, ಹುಳು ಪೊರೆ ಬಿಡಲು ‘ಜ್ವರ’ಕ್ಕೆ ಕೂತಾಗ ಮೇವು ನಿಲ್ಲಿಸಿ, ಹಣ್ಣಾದಾಗ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಮನೆಯ ಹೆಂಗಸರ ಕಣ್ಣಿನ ಅಂದಾಜಿಗೆ ಹೊಂದದ ಯಾವ ಉಪಾಯವೂ ಅಲ್ಲಿ ನಿಲ್ಲುವುದಿಲ್ಲ.

ಮತ್ತೆ ಹೊಳೆಯ ಮಾತಿಗೆ ಬರೋಣ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊಳವೆಬಾವಿಗೆ ಅಂಥ ಕಡಿವಾಣ ಬೀಳುವುದು ಸುಲಭವಲ್ಲ. ಆದರೆ ಅರ್ಕಾವತಿಯ ಬಗ್ಗೆ ಇನ್ನು ಮುಂದೆ ಕೇಳುವವರಿಗೂ ಲೆಕ್ಕ ಬೇಕು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೂರಿಸಿಕೊಂಡು ಕೇಳಿ: ತೆರೆದ ಬಾವಿ ಎಷ್ಟು ಆಳವಿತ್ತು, ಯಾವ ಮದುವೆಯವರೆಗೆ ನೀರಿತ್ತು, ಮೊದಲ ಬೋರು ಯಾವಾಗ, ಎಷ್ಟು ಅಡಿಗೆ ಕೊರೆಸಿದ್ದು. ಒಂದು ಹಾಳೆಯಲ್ಲಿ ಬರೆದು, ಜಮೀನಿನ ಪಹಣಿಯ ಜೊತೆ ಇಡಿ. ಸಂಶೋಧಕರು ಬಾಗಿಲಿಗೆ ಬಂದ ದಿನ ಅದನ್ನು ಅವರ ಕೈಗೆ ಕೊಡಿ.