ಪೇಟೆಯ ನಿವಾಸಿ ಯಾರು? ಹೊಳಗುಂದ–ಆದವಾನಿಯ ನಿದರ್ಶನ

ಪಟ್ಟಣವೊಂದರ ಪೇಟೆಗೆ ಸೇರಿದವರು ಯಾರು? ಜನಗಣತಿಯ ಉತ್ತರ ಸರಳವಾದುದು: ಅಲ್ಲಿ ಮನೆ ಮಾಡಿಕೊಂಡಿರುವವರು. ಆದರೆ ಪೇಟೆ ಬದುಕುವುದು ಹಗಲಿನಲ್ಲಿ. ಹಗಲಿನ ಆ ಬದುಕನ್ನು ನಡೆಸುವವರಲ್ಲಿ ಅನೇಕರು ಸಂಜೆಯ ಬಸ್ಸಿಗೆ ತಮ್ಮ ಊರಿಗೆ ಮರಳುತ್ತಾರೆ. ಭಾಷಾ ಅಲ್ಪಸಂಖ್ಯಾತರ ವಿಷಯದಲ್ಲಿ ಈ ವ್ಯತ್ಯಾಸ ಲೆಕ್ಕದ ಸೂಕ್ಷ್ಮ ಮಾತ್ರವಲ್ಲ, ಹಕ್ಕಿನ ಪ್ರಶ್ನೆಯೂ ಹೌದು. ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನ ಹೊಳಗುಂದವನ್ನೂ ಅಲ್ಲಿನವರು ವ್ಯವಹಾರಕ್ಕೆ ಹೋಗುವ ಆದವಾನಿಯನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆದವಾನಿಯ ನಡುಭಾಗ ಯಾವುದೇ ಒಂದು ಭಾಷೆಯವರು ಕಟ್ಟಿದ್ದಲ್ಲ. ವಿಜಯನಗರದ ಕೋಟೆ ಆದಿಲಶಾಹಿಗಳ ಕೈಸೇರಿದ ಬಳಿಕ, 17ನೆಯ ಶತಮಾನದಲ್ಲಿ, ಸಿದ್ದಿ ಮಸೂದ್ ಖಾನ್ ಇಲ್ಲಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದ. ಅನಂತರ ಮೊಗಲರು, ಬಸಾಲತ್ ಜಂಗ್, 1786ರಲ್ಲಿ ಟಿಪ್ಪು ಸುಲ್ತಾನ್ ಹೀಗೆ ಕೋಟೆಯ ಒಡೆಯರು ಬದಲಾಗುತ್ತ ಹೋದರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಂದೆ ಇದು ಬಳ್ಳಾರಿ ಜಿಲ್ಲೆಗೆ ಸೇರಿತು. 1871ರಲ್ಲಿ ಮದ್ರಾಸು–ಮುಂಬಯಿ ರೈಲುಮಾರ್ಗ ರಾಯಚೂರಿನಲ್ಲಿ ಕೂಡಿದಾಗ ಆದವಾನಿ ಆ ದಾರಿಯ ನಿಲ್ದಾಣಗಳಲ್ಲೊಂದಾಯಿತು. ಎರೆಭೂಮಿಯ ಹತ್ತಿ ಈ ಪೇಟೆಯ ಮುಖ್ಯ ಸರಕಾಯಿತು. ಕನ್ನಡ, ತೆಲುಗು, ಉರ್ದುಗಳ ಜೊತೆಗೆ ಮಾರವಾಡಿ ವರ್ತಕರ ಮಾತೂ ಸೇರಿಕೊಂಡದ್ದು ಈ ಸರಕಿನ ಹಿಂದೆಯೇ.

ಈ ಪೇಟೆಯ ಮೇಲೆ ಭಾಷೆಯ ಗಡಿಯನ್ನು ಎಳೆದದ್ದು 1953ರ ಅಕ್ಟೋಬರ್ 1. ಅಂದು ಆಂಧ್ರ ರಾಜ್ಯ ಅಸ್ತಿತ್ವಕ್ಕೆ ಬಂದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ವಿವಾದಿತ ಬಳ್ಳಾರಿ ತಾಲೂಕಿಗಾಗಿ ನ್ಯಾಯಮೂರ್ತಿ ಮಿಶ್ರಾ ಅವರ ಪ್ರತ್ಯೇಕ ವಿಚಾರಣೆಯೇ ನಡೆಯಿತು. ಇಡೀ ವಾದದಲ್ಲಿ ಅಳತೆಯ ಮಾನ ತಾಲೂಕು. ಒಂದು ತಾಲೂಕಿಗೆ ಒಂದು ಬಹುಸಂಖ್ಯಾತ ಭಾಷೆ. ಹಳ್ಳಿಯಲ್ಲೊಂದು, ಪೇಟೆಯಲ್ಲಿ ಇನ್ನೊಂದು ಭಾಷೆಯನ್ನು ಬಳಸುವ ವ್ಯಕ್ತಿಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

ಅಂಥ ವ್ಯಕ್ತಿಯ ನೆಲೆ ಎಷ್ಟು ಹಳೆಯದೆಂಬುದಕ್ಕೆ ಊರ ಹೆಸರುಗಳೇ ಸಾಕ್ಷಿ. ಹಳಗನ್ನಡದ ಪದಾದಿಯ ಪಕಾರ ಮುಂದೆ ಹಕಾರವಾಯಿತು. ತೆಲುಗಿನಲ್ಲಿ ಅದು ಪಕಾರವಾಗಿಯೇ ಉಳಿಯಿತು. ನಮ್ಮ ಹಾಲು, ಹೊಲ, ಹತ್ತಿಗಳಿಗೆ ಅಲ್ಲಿ ಪಾಲು, ಪೊಲಂ, ಪತ್ತಿ. ತೆಲುಗಿನ ದೇಶ್ಯ ಪದಗಳು ಸಾಮಾನ್ಯವಾಗಿ ಹಕಾರದಿಂದ ಮೊದಲಾಗುವುದಿಲ್ಲ. ಹೀಗಿರುವಾಗ ಹೊಳಗುಂದ, ಹಾಲಹರ್ವಿ, ಹೆಬ್ಬಟಂ ಎಂಬ ಹೆಸರುಗಳು ತೆಲುಗಿನ ಸರ್ಕಾರಿ ದಾಖಲೆಗಳಲ್ಲಿಯೂ ಹಕಾರವನ್ನು ಉಳಿಸಿಕೊಂಡಿವೆ. ಹೊಳಗುಂದ ಮಂಡಲದ ಪೆದ್ದಹ್ಯಾಟ, ಚಿನ್ನಹ್ಯಾಟಗಳಲ್ಲಿಯಂತೂ ತೆಲುಗಿನ ವಿಶೇಷಣ ಮುಂದೆ, ಹಕಾರದ ಹೆಸರು ಹಿಂದೆ. ನಕಾಶೆಯೇ ದ್ವಿಭಾಷಿಕವಾಗಿದೆ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಅದಕ್ಕೂ ಮೊದಲು, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂದು ಒಪ್ಪಿತ್ತು. ಇದು ಶಾಲೆಯ ಲೆಕ್ಕ. ಮಗು ಎಲ್ಲಿ ಕುಳಿತಿದೆಯೋ ಅಲ್ಲಿಯೇ ಎಣಿಸಲಾಗುತ್ತದೆ. ಕಚೇರಿಯ ಲೆಕ್ಕ ಬೇರೆ. ಕೇಂದ್ರ ಸರ್ಕಾರದ 1956ರ ಜ್ಞಾಪಕಪತ್ರದಂತೆ, ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿರುವ ಜಿಲ್ಲೆ, ಪುರಸಭೆ ಅಥವಾ ತಾಲೂಕಿನಂಥ ಚಿಕ್ಕ ಘಟಕಗಳಲ್ಲಿ ಮುಖ್ಯ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಹೊರಡಿಸುವುದು ಯುಕ್ತ. ಇಲ್ಲಿ ಎಣಿಸುವುದು ನಿವಾಸಿಗಳನ್ನು.

ತೊಡಕಿರುವುದು ಇಲ್ಲಿಯೇ. ಹೊಳಗುಂದದ ಕನ್ನಡ ರೈತ ಹತ್ತಿಯನ್ನು ತರುವುದು ಆದವಾನಿಯ ಮಾರುಕಟ್ಟೆಗೆ. ತೂಕದ ಚೀಟಿ, ಬ್ಯಾಂಕಿನ ಅರ್ಜಿ, ಆಸ್ಪತ್ರೆಯ ಫಲಕಗಳನ್ನು ಅವನು ಎದುರಿಸಬೇಕಾದುದೂ ಅಲ್ಲಿಯೇ. ಆದರೆ ಆದವಾನಿಯ ಶೇಕಡಾವಾರಿನಲ್ಲಿ ಅವನಿಲ್ಲ. ಅವನು ಎಣಿಕೆಗೆ ಸಿಗುವುದು ತನ್ನ ಹಳ್ಳಿಯಲ್ಲಿ. ಬರಹದ ನೆರವು ಹೆಚ್ಚಾಗಿ ಬೇಕಾಗುವುದು ಪೇಟೆಯಲ್ಲಿ. 1985ರಲ್ಲಿ ಮಂಡಲಗಳು ರಚಿತವಾಗಿ ಹೊಳಗುಂದವೇ ಒಂದು ಆಡಳಿತ ಕೇಂದ್ರವಾದ ಮೇಲೆ ಕಚೇರಿಯ ಒಂದು ಭಾಗ ಹಳ್ಳಿಗೆ ಹತ್ತಿರವಾಯಿತು. ಎಣಿಕೆಯ ಘಟಕವೂ ಚಿಕ್ಕದಾಯಿತು. ಜಿಲ್ಲೆಯ ಸರಾಸರಿಯಲ್ಲಿ ಕರಗಿಹೋಗುವ ಕನ್ನಡ ಮಂಡಲದ ಮಟ್ಟದಲ್ಲಿ ಕಾಣಿಸಿಕೊಳ್ಳಲು ಇದರಿಂದ ಅವಕಾಶವಾಯಿತು. ಮಾರುಕಟ್ಟೆ ಮಾತ್ರ ಇದ್ದಲ್ಲಿಯೇ ಉಳಿಯಿತು.

ಪೇಟೆಯವರು ವ್ಯಾಪಾರದ ಮಟ್ಟಿಗೆ ಕನ್ನಡ ಬಲ್ಲರು, ಹಳ್ಳಿಯವರು ತೆಲುಗು ಬಲ್ಲರು, ಆದ್ದರಿಂದ ತೊಂದರೆಯೇ ಇಲ್ಲವೆಂಬ ವಾದವುಂಟು. ಮಾತಿನ ಮಟ್ಟಿಗೆ ಇದು ನಿಜ. ಆದರೆ ಚೌಕಾಸಿಗೆ ಸಾಕಾಗುವ ತೆಲುಗು ಕರಾರುಪತ್ರವನ್ನು ಓದಲು ಸಾಕಾಗದು. ಕನ್ನಡ ಮಾಧ್ಯಮದಲ್ಲಿ ಕಲಿತವರ ಅಕ್ಷರ ಪೇಟೆಯಲ್ಲಿ ಕೆಲಸಕ್ಕೆ ಬಾರದಿದ್ದರೆ ಮುಂದಿನ ತಲೆಮಾರನ್ನು ಆ ಶಾಲೆಗೆ ಕಳುಹಿಸಲು ಪೋಷಕರು ಹಿಂಜರಿಯುವುದು ಸಹಜ. ಆಗ ಆ 40, 10ರ ಸಂಖ್ಯೆಗಳೂ ಕುಸಿಯುತ್ತವೆ. ಪೇಟೆಯ ಫಲಕಕ್ಕೂ ಹಳ್ಳಿಯ ಶಾಲೆಗೂ ಇರುವ ನಂಟು ಇದು.

ಜನಗಣತಿ ಮಾತೃಭಾಷೆಯ ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳುತ್ತದೆ; ಯಾವ ಭಾಷೆಯನ್ನು ಎಲ್ಲಿ, ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಕೇಳುವುದಿಲ್ಲ. ಕ್ಷೇತ್ರಕಾರ್ಯ ಮಾಡುವ ನಾವಾದರೂ ಅದನ್ನು ಕೇಳಬೇಕು. ಮನೆಯ ಬಾಗಿಲಲ್ಲಿ ಮುಗಿಯುವ ಸಮೀಕ್ಷೆಯನ್ನು ಬಸ್ ನಿಲ್ದಾಣ, ಮಾರುಕಟ್ಟೆ, ಕಚೇರಿಗಳವರೆಗೆ ಒಯ್ದರೆ ಮಾತ್ರ ಪೇಟೆಯ ನಿಜವಾದ ನಿವಾಸಿಗಳು ಲೆಕ್ಕಕ್ಕೆ ಸಿಗುತ್ತಾರೆ.