ಉಟೆಂಡಿ
ಉಟೆಂಡಿ ಅಥವಾ ಉಟೆಂಜಿ ಎಂಬುದು ಪೂರ್ವ ಆಫ್ರಿಕಾದ ಕರಾವಳಿಯ ಸ್ವಾಹಿಲಿ ಭಾಷೆಯ ದೀರ್ಘ ಕಾವ್ಯಪ್ರಕಾರ. ಪ್ರವಾದಿಗಳ ಜೀವನ ಹಾಗೂ ಇಸ್ಲಾಮಿನ ಆರಂಭಕಾಲದ ಯುದ್ಧಗಳು ಇದರ ಪ್ರಮುಖ ಕಥಾವಸ್ತು. ಈ ಕಾವ್ಯಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದಿಡಲಾಗುತ್ತಿತ್ತಾದರೂ ಅವು ಜನರನ್ನು ತಲುಪುತ್ತಿದ್ದುದು ರಾಗಬದ್ಧ ವಾಚನದ ಮೂಲಕ.

ಪ್ರತಿ ಪದ್ಯದಲ್ಲಿ ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳಿರುತ್ತವೆ. ಮೊದಲ ಮೂರು ಪಾದಗಳ ಅಂತ್ಯಪ್ರಾಸವು ಪದ್ಯದಿಂದ ಪದ್ಯಕ್ಕೆ ಬದಲಾಗುತ್ತದೆ. ನಾಲ್ಕನೆಯ ಪಾದದ ಪ್ರಾಸ ಮಾತ್ರ ಕಾವ್ಯದ ಕೊನೆಯವರೆಗೂ ಒಂದೇ. ಸಾವಿರಕ್ಕೂ ಮಿಕ್ಕಿ ಪದ್ಯಗಳಿರುವ ಕಥೆಯನ್ನು ಕೇಳುಗರ ಕಿವಿಯಲ್ಲಿ ಒಂದಾಗಿ ಹಿಡಿದಿಡುವುದು ಈ ಪ್ರಾಸವೇ.

ಉಳಿದುಬಂದಿರುವ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ‘ಉಟೆಂಡಿ ವಾ ಟಾಂಬುಕಾ’ (1728) ಒಂದು. ಇಂದಿನ ಕೀನ್ಯಾಕ್ಕೆ ಸೇರಿದ ಪಾಟೆ ದ್ವೀಪದ ಸುಲ್ತಾನನಿಗಾಗಿ ಬ್ವಾನಾ ಮ್ವೆಂಗೊ ಇದನ್ನು ರಚಿಸಿದನು. ಮುಸ್ಲಿಮರಿಗೂ ಬೈಜಾಂಟೀನ್ ಚಕ್ರವರ್ತಿ ಹೆರಾಕ್ಲಿಯಸನಿಗೂ ನಡೆದ ಘೋರ ಯುದ್ಧವನ್ನು ಕಾವ್ಯ ವರ್ಣಿಸುತ್ತದೆ. ವಾಸ್ತವವಾಗಿ 630ರ ತಬೂಕ್ ದಂಡಯಾತ್ರೆಯಲ್ಲಿ ಬೈಜಾಂಟೀನ್ ಸೈನ್ಯದೊಡನೆ ಕಾಳಗವೇ ನಡೆದಿರಲಿಲ್ಲ. ಕವಿಯ ಆಧಾರ ಇತಿಹಾಸಕ್ಕಿಂತ ಹೆಚ್ಚಾಗಿ ಅರಬ್ಬಿ ದಂತಕಥೆ.

ಎಲ್ಲ ಉಟೆಂಡಿಗಳೂ ಕಥನಕಾವ್ಯಗಳಲ್ಲ. ಮ್ವಾನಾ ಕುಪೋನಾ ಎಂಬ ಕವಯಿತ್ರಿಯು 1858ರಲ್ಲಿ ತನ್ನ ಮಗಳಿಗೆ ಧರ್ಮ ಮತ್ತು ಗೃಹಜೀವನದ ಉಪದೇಶವನ್ನು ಇದೇ ಛಂದಸ್ಸಿನಲ್ಲಿ ಬರೆದಳು. ಇಪ್ಪತ್ತನೆಯ ಶತಮಾನದಲ್ಲಿ ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಕ್ರೈಸ್ತ ಸುವಾರ್ತೆಗಳನ್ನೂ ಈ ರೂಪಕ್ಕೆ ತಂದರು.