ಹೊಲದ ಗೊಬ್ಬರ, ಕೆರೆಯ ಪಾಚಿ

ಸಂಜೆ ರೈತರ ಕಾರ್ಯಕ್ರಮ ಬಂದೊಡನೆ ಪೇಟೆಯ ಮನೆಗಳಲ್ಲಿ ರೇಡಿಯೊದ ಕಿವಿ ಹಿಂಡಿ ಸದ್ದಡಗಿಸುವ ವಾಡಿಕೆಯುಂಟು. ಎಕರೆಗೆ ಎಷ್ಟು ಯೂರಿಯಾ, ಎಷ್ಟು ಡಿ.ಎ.ಪಿ. ಎಂಬ ಲೆಕ್ಕ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಹಾಕಿದ ಗೊಬ್ಬರವೆಲ್ಲ ಹೊಲದಲ್ಲಿಯೇ ನಿಲ್ಲುವುದಿಲ್ಲ. ಅದರ ಒಂದು ಪಾಲು ಮಳೆಯ ನೀರಿನೊಡನೆ ಹೊರಟು, ಹಳ್ಳ ಹಿಡಿದು, ಕೆರೆಯನ್ನು ಸೇರುತ್ತದೆ. ಕೆರೆಯಿಂದ ನಿಮ್ಮ ಮನೆಯ ನಲ್ಲಿಗೆ ಬಹಳ ದೂರವಿಲ್ಲ.

ತುಮಕೂರಿನ ಶೆಟ್ಟಿಹಳ್ಳಿಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿ ಹಳ್ಳಿ ಉಳಿದಿದೆ. ಊರು ನಗರದೊಳಗೆ ಸೇರಿಹೋಗಿದೆ. ಈ ನಗರ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಹೇಮಾವತಿಯನ್ನು. ಗೊರೂರಿನಿಂದ ಹೊರಟ ಆ ನೀರು ತೆಂಗು ಅಡಕೆಯ ಸೀಮೆಯನ್ನು ನಾಲೆಯಲ್ಲಿ ದಾಟಿ ಬಂದು ಬುಗುಡನಹಳ್ಳಿಯ ಕೆರೆಯಲ್ಲಿ ತಂಗುತ್ತದೆ. ಇತ್ತ ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿ ಕಾವೇರಿಯ ಕಡೆಗೆ ನಡೆಯುತ್ತದೆ. ನಮ್ಮ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬರುತ್ತದೆ. ಮೇಲಿನ ಹೊಲದ ಗೊಬ್ಬರವೂ ಅದರ ಸಂಗಡವೇ ಬರುತ್ತದೆ.

ಮುಂಗಾರಿನ ಮೊದಲ ಬಿರುಮಳೆಗೆ ಹಳ್ಳದ ನೀರು ಕೆಂಪಗೆ ಹರಿಯುವುದನ್ನು ನೀವು ನೋಡಿದ್ದೀರಷ್ಟೆ? ಗುಟ್ಟೆಲ್ಲ ಆ ಕೆಂಪಿನಲ್ಲಿದೆ. ನಮ್ಮ ಮಣ್ಣಿಗೆ ಕೆಂಪು ಬಂದಿರುವುದು ಅದರಲ್ಲಿರುವ ಕಬ್ಬಿಣದಿಂದ. ಗೊಬ್ಬರದಲ್ಲಿನ ರಂಜಕಕ್ಕೆ ಈ ಕಬ್ಬಿಣವೆಂದರೆ ಬಲು ನಂಟು. ಹಾಕಿದ ಕೆಲವು ದಿನಗಳಲ್ಲೇ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದರೆ ರಂಜಕವೂ ಹೋಯಿತು. ಯೂರಿಯಾದಿಂದ ಬರುವ ಸಾರಜನಕದ ದಾರಿ ಬೇರೆ. ಅದು ನೈಟ್ರೇಟಾಗಿ ನೀರಿನಲ್ಲಿ ಕರಗಿ, ಕೆರೆಗೂ ಹರಿಯುತ್ತದೆ, ನೆಲದೊಳಗಿಳಿದು ಕೊಳವೆಬಾವಿಗೂ ಸೇರುತ್ತದೆ.

ಕೆರೆಯಲ್ಲಿ ಪಾಚಿ ಹಬ್ಬಲು ಕಾರಣ ಇಂಗಾಲವೋ, ಸಾರಜನಕವೋ, ರಂಜಕವೋ ಎಂದು ಒಂದು ಕಾಲಕ್ಕೆ ವಿಜ್ಞಾನಿಗಳಲ್ಲಿ ದೊಡ್ಡ ವಾದವೇ ನಡೆಯಿತು. ೧೯೭೩ರಲ್ಲಿ ಕೆನಡಾ ದೇಶದ ಡೇವಿಡ್ ಷಿಂಡ್ಲರ್ ಮತ್ತು ಅವರ ಸಂಗಡಿಗರು ಒಂಟಾರಿಯೊ ಪ್ರಾಂತ್ಯದ ಒಂದು ಸರೋವರಕ್ಕೆ ನಡುವೆ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಹಸಿರು ಗಂಜಿಯಂತಾಯಿತು. ಪರದೆಯ ಈಚೆಯ ನೀರು ತಿಳಿಯಾಗಿಯೇ ಉಳಿಯಿತು.

ಇದಕ್ಕೆ ಬೇಕಾದ ರಂಜಕವಾದರೂ ಎಷ್ಟು? ೫೦ ಕಿಲೋ ತೂಕದ ಒಂದು ಮೂಟೆ ಡಿ.ಎ.ಪಿ.ಯಲ್ಲಿ ರಂಜಕ ಸುಮಾರು ೧೦ ಕಿಲೋ ಇರುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು, ಎಂದರೆ ಒಂದೇ ಕಿಲೋ, ಕೆರೆಗೆ ಸೇರಿತೆನ್ನೋಣ. ಲೀಟರಿಗೆ ಒಂದು ಮಿಲಿಗ್ರಾಮಿನ ನೂರರಲ್ಲಿ ಮೂರು ಪಾಲು ರಂಜಕವಿದ್ದರೂ ನೀರು ಪಾಚಿಗಟ್ಟತೊಡಗುತ್ತದೆ. ಆ ಲೆಕ್ಕದಲ್ಲಿ ಒಂದು ಕಿಲೋ ರಂಜಕ ೩ ಕೋಟಿ ಲೀಟರ್ ನೀರಿಗೆ ಸಾಕು.

ಹಸಿರಾದರೇನಾಯಿತು, ಮೀನಿಗೆ ಮೇವಾಯಿತಲ್ಲ ಎನ್ನುವವರುಂಟು. ತುಸು ಪಾಚಿಯಾದರೆ ಆ ಮಾತು ಸರಿ. ಮಿತಿಮೀರಿದ ಪಾಚಿ ಮಾತ್ರ ಮೀನಿನ ಉಸಿರನ್ನೇ ಕಸಿಯುತ್ತದೆ. ನಮ್ಮ ಬೇಸಗೆಯ ಬೆಚ್ಚನೆಯ ನೀರಿನಲ್ಲಿ, ಲೀಟರಿಗೆ ಸುಮಾರು ೭ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಹಗಲು ಪಾಚಿ ಬಿಸಿಲುಂಡು ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಉಸಿರಾಡಬೇಕು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುತ್ತದೆ. ಸತ್ತು ತಳಕ್ಕಿಳಿದ ಪಾಚಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಉಳಿದುದನ್ನೂ ಮುಗಿಸುತ್ತವೆ. ಆದುದರಿಂದಲೇ, ಮೋಡ ಕವಿದ ದಿನದ ಮರುದಿವಸ ಸೂರ್ಯ ಹುಟ್ಟುವ ಮುನ್ನ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಕೊರವ ಮೀನು ಗಾಳಿ ನುಂಗಿ ಬದುಕೀತು. ಕಾಟ್ಲಾ, ರೋಹುಗಳಿಗೆ ಆ ಉಪಾಯ ತಿಳಿಯದು.

ಇಲ್ಲಿ ನಮ್ಮ ಕೆಮ್ಮಣ್ಣು ಇನ್ನೊಂದು ಆಟ ಆಡುತ್ತದೆ. ತಳದಲ್ಲಿ ಆಮ್ಲಜನಕ ಮುಗಿದೊಡನೆ ಕಬ್ಬಿಣದ ಸ್ವರೂಪ ಬದಲಾಗಿ, ಇಷ್ಟುಕಾಲ ಹಿಡಿದಿಟ್ಟಿದ್ದ ರಂಜಕವನ್ನು ಕೈಬಿಡುತ್ತದೆ. ಅದು ಮತ್ತೆ ನೀರಿಗೆ ಬಂದು ಹೊಸ ಪಾಚಿಗೆ ಆಹಾರವಾಗುತ್ತದೆ. ಈ ವರ್ಷ ಯಾರೂ ಒಂದು ಹಿಡಿ ಗೊಬ್ಬರ ಹಾಕದಿದ್ದರೂ, ಹಿಂದಿನವರು ಹಾಕಿದ್ದು ಕೆರೆಯ ಹೊಟ್ಟೆಯಿಂದ ಏಳುತ್ತಿರುತ್ತದೆ. ಕೆಟ್ಟ ಕೆರೆ ಬೇಗ ಸುಧಾರಿಸದೆ ಇರುವುದಕ್ಕೆ ಇದೇ ಕಾರಣ.

ಮನೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ಜಾತಿಗಳು ಈಲಿಗೆ, ಎಂದರೆ ಯಕೃತ್ತಿಗೆ, ಹಾನಿಮಾಡುವ ವಿಷವನ್ನು ತಯಾರಿಸುತ್ತವೆ. ಕುದಿಸಿದರೆ ಆ ವಿಷ ಹೋಗದು; ನೀರು ಇಂಗಿ ಇನ್ನೂ ಸಾಂದ್ರವಾದೀತು. ನೈಟ್ರೇಟಿನ ಮಾತೂ ಅಷ್ಟೇ. ಲೀಟರಿಗೆ ೪೫ ಮಿಲಿಗ್ರಾಂ ಮೀರಿದ ನೀರು ಹಸುಗೂಸುಗಳಿಗೆ ಕೂಡದು. ೨೦೧೪ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ಜನ, ಈರಿ ಸರೋವರದ ಪಾಚಿಯ ದೆಸೆಯಿಂದ, ಮೂರು ದಿನ ನಲ್ಲಿಯ ನೀರನ್ನು ಬಾಯಿಗಿಡುವಂತಿರಲಿಲ್ಲ. ಆ ಪಾಚಿಯನ್ನು ಬೆಳೆಸಿದ್ದು ಬಹುಮಟ್ಟಿಗೆ ಹೊಲಗಳ ರಂಜಕ.

ಇಷ್ಟು ಹೇಳಿ ರೈತರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಪೇಟೆಯ ಬಚ್ಚಲ ನೀರಿನಲ್ಲೂ ಇವೇ ಸಾರಜನಕ, ರಂಜಕಗಳಿವೆ. ನೊರೆಯುಕ್ಕಿದ, ೨೦೧೮ರ ಜನವರಿಯಲ್ಲಿ ಬೆಂಕಿಯನ್ನೂ ಕಂಡ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಹಾಳುಮಾಡಿದ್ದು ಹೊಲವಲ್ಲ, ನಗರವೇ.

ಹಿಂದೆ ಈ ಸೀಮೆಯಲ್ಲಿ ಬೇಸಗೆ ಬಂದು ಕೆರೆ ಬತ್ತಿತೆಂದರೆ ಗಾಡಿಗಳು ಕೆರೆಯಂಗಳಕ್ಕಿಳಿಯುತ್ತಿದ್ದವು. ಗೋಡುಮಣ್ಣನ್ನು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಒಯ್ದದ್ದನ್ನು ಎತ್ತು ಹಿಂದಕ್ಕೆ ತರುತ್ತಿತ್ತು. ಕೆರೆಗೆ ಹೂಳೆತ್ತಿದಂತೆಯೂ ಆಗುತ್ತಿತ್ತು, ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ಮೂಟೆಯ ಗೊಬ್ಬರ ಸುಲಭವಾಗಿ ಸಿಕ್ಕ ಮೇಲೆ ಗಾಡಿಗಳು ಇಳಿಯುವುದು ಕಡಮೆಯಾಯಿತು. ಗೋಡು ಕೆರೆಯಲ್ಲೇ ಉಳಿಯಿತು. ಅದರ ಮೇಲೆ ಪ್ರತಿ ವರ್ಷವೂ ಹೊಸದು ಕೂಡುತ್ತಿದೆ. ನನ್ನ ಅಭಿಪ್ರಾಯದಲ್ಲಿ ನಾವು ಕಳೆದುಕೊಂಡ ದೊಡ್ಡ ವಿದ್ಯೆ ಇದೇ. ಆದರೆ ಚರಂಡಿ, ಕಾರ್ಖಾನೆಗಳ ನೀರು ಬೀಳುವ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ನಿಮ್ಮಲ್ಲಿ ಅನೇಕರಿಗೆ ಗುಬ್ಬಿಯಲ್ಲೋ ಕುಣಿಗಲಿನಲ್ಲೋ ತೋಟ ಇರಬಹುದು. ಗೊಬ್ಬರದ ಹಣವನ್ನು ಇಲ್ಲಿಂದಲೇ ಕಳಿಸುತ್ತಿರಬಹುದು. ಈ ಸಲ ಹಣ ಕಳಿಸುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ. ವರ್ಷವರ್ಷವೂ ಡಿ.ಎ.ಪಿ. ಕಂಡ ಮಣ್ಣಿನಲ್ಲಿ ರಂಜಕ ಆಗಲೇ ಸಾಕಷ್ಟಿರುವುದು ಅಪರೂಪವಲ್ಲ. ಮಾದರಿಯನ್ನು ಗೊಬ್ಬರ ಹಾಕುವ ಮೊದಲೇ ತೆಗೆಯಬೇಕು. ಒಂದೇ ಕಡೆಯಿಂದಲ್ಲ, ತೋಟದ ಎಂಟು ಹತ್ತು ಕಡೆಯ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಕೊಟ್ಟರಾಯಿತು. ಹಳ್ಳದ ಅಂಚಿನಲ್ಲಿ ನಾಲ್ಕು ಮಾರು ಅಗಲ ಉಳದೆ ಹುಲ್ಲು ಬಿಡಲು ತೋಟ ನೋಡಿಕೊಳ್ಳುವವರಿಗೆ ಹೇಳಿ. ಹಸುವಿಗೆ ಮೇವಾಗುತ್ತದೆ, ಕೆಂಪು ನೀರಿನ ಮಣ್ಣೂ ಅಲ್ಲಿಯೇ ತಡೆದು ನಿಲ್ಲುತ್ತದೆ.